ಬಾನೆಟ್ಟಿನ ಮೇಲೆ ಚಿಗವ್ವನ ಕೈ

ನಿವೃತ್ತನಾದ ಮನುಷ್ಯ ಏನನ್ನಾದರೂ ಕಾಯುತ್ತ ಕೂರಬೇಕು. ಕೆಲವರು ಮೊಮ್ಮಕ್ಕಳನ್ನು ಕಾಯುತ್ತಾರೆ, ಕೆಲವರು ತಮ್ಮ ಬಿ.ಪಿ.ಯನ್ನು ಕಾಯುತ್ತಾರೆ. ಗೋಕಾಕದ ಕೋರ್ಟಿನಲ್ಲಿ ಶಿರಸ್ತೇದಾರನಾಗಿದ್ದು ಮನೆಗೆ ಬಂದ ನಾನು ಒಂದು ಕಾರಿನ ಬಣ್ಣವನ್ನು ಕಾದೆ. ಬಣ್ಣ ಉಳಿಯಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರನ್ನೂ ಸಂಜೆಯ ತನಕ ಕೂರಿಸಿ ತೀರ್ಪನ್ನು ಕೊನೆಗೆ ಓದುವ ಪದ್ಧತಿ ನನಗೆ ನೌಕರಿಯಲ್ಲಿದ್ದಾಗಲೂ ಹಿಡಿಸುತ್ತಿರಲಿಲ್ಲ.

ಕಾರು ಕಡುನೀಲಿ. ಮಾರಿದವರು ಆ ಬಣ್ಣಕ್ಕೆ ಹೇಳಿದ ಹೆಸರಿನಲ್ಲಿ ಸಮುದ್ರ, ಮಧ್ಯರಾತ್ರಿ ಏನೇನೋ ಸೇರಿದ್ದವು. ನಮ್ಮ ಓಣಿಯವರು ನೋಡಿ ಬದನೀಕಾಯಿ ಬಣ್ಣ ಎಂದು ಸರ್ವಾನುಮತದಿಂದ ತೀರ್ಮಾನಿಸಿದರು. ಆ ಬಣ್ಣದ ಗುಣವೆಂದರೆ ತೊಳೆದ ದಿನ ಅದರಲ್ಲಿ ಮುಖ ಕಾಣುತ್ತದೆ. ಅವಗುಣವೆಂದರೆ ಮುಖದ ಜೊತೆ ಉಳಿದದ್ದೆಲ್ಲವೂ ಕಾಣುತ್ತದೆ.

ಕಾರು ಬಂದ ಮೇಲೆ ಮೊದಲು ಘೋಡಗೇರಿಗೆ ಹೋಗಲೇಬೇಕಾಗಿತ್ತು. ಅಲ್ಲಿ ನನ್ನ ಚಿಗವ್ವ ಇದ್ದಾಳೆ, ಅಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ಮಗ, ಸೊಸೆ, ಮೊಮ್ಮಕ್ಕಳು, ಎಮ್ಮೆಗಳು ಎಲ್ಲ ಇರುವ ತುಂಬಿದ ಮನೆ. ಆ ಮನೆಗೆ ಸಂಬಂಧಪಟ್ಟ ಹೊಸ ವಸ್ತು ಏನೇ ಇರಲಿ, ಎತ್ತಿರಲಿ, ರಂಟೆಯಿರಲಿ, ಫ್ರಿಜ್ಜಿರಲಿ, ಅದರ ಮೇಲೆ ಚಿಗವ್ವನ ಬಲಗೈ ಮೂಡಬೇಕು. ಸುಣ್ಣಕ್ಕೆ ಅರಿಷಿಣ ಕಲಸಿದರೆ ರಕ್ತದಂಥ ಕೆಂಪು ಆಗುತ್ತದಲ್ಲ, ಆ ತಾಟಿನಲ್ಲಿ ಅಂಗೈ ಅದ್ದಿ ಒಮ್ಮೆ ಗಟ್ಟಿಯಾಗಿ ಒತ್ತುತ್ತಾಳೆ. ಹಾಗೆ ಒತ್ತಿದ ಕೈಯನ್ನು ಯಾರೂ ಒರೆಸುವಂತಿಲ್ಲ. ಅದು ತಾನಾಗಿ ಉದುರಬೇಕು. ಎತ್ತಿನ ಮೈಮೇಲಿನದು ಉದುರುತ್ತದೆ, ಯಾಕೆಂದರೆ ಎತ್ತು ಮೈ ಕೊಡವುತ್ತದೆ. ಕಾರಿಗೆ ಆ ಸೌಲಭ್ಯವಿಲ್ಲ.

ಇದು ಬರೀ ಶಾಸ್ತ್ರವಾಗಿದ್ದರೆ ನಾನು ಏನಾದರೂ ನೆಪ ಹೇಳಿ ಪಾರಾಗುತ್ತಿದ್ದೆ. ಆದರೆ ಅದರ ಹಿಂದೆ ನನ್ನ ಕಾಕಾನ, ಅಂದರೆ ಚಿಗವ್ವನ ಗಂಡನ, ಕಾಲು ಇತ್ತು. ಕಾಕಾ ಹರೆಯದಲ್ಲಿ ಒಂದು ಹೊಸ ಫಟಫಟಿ ತಂದಿದ್ದ. ಚಿಗವ್ವ ಅರಿಷಿಣ ತಾಟಿಗೆ ಹಾಕಿ, ಮನೆಯಲ್ಲಿ ಸುಣ್ಣ ತೀರಿದೆಯೆಂದು ಬಾಜೂ ಮನೆಗೆ ತರಲು ಹೋಗಿದ್ದಳು. ಕಾಕಾನಿಗೆ ಹುಕ್ಕೇರಿಯಲ್ಲಿ ಏನೋ ಅವಸರದ ಕೆಲಸ. ಬಂದ ಮೇಲೆ ಹಚ್ಚಿದರಾಯಿತು ಎಂದು ಹೊರಟುಬಿಟ್ಟ. ಸಂಜೆ ತಿರುಗಿ ಬರುವಾಗ ರಸ್ತೆಯ ಮೇಲೆ ಕಬ್ಬಿನ ಟ್ರೇಲರೊಂದು ದೀಪವಿಲ್ಲದೆ ನಿಂತಿತ್ತು. ಕಾಕಾ ಮನೆಗೇನೋ ಬಂದ, ಆದರೆ ಬೇರೆಯವರ ಟ್ರ್ಯಾಕ್ಟರಿನಲ್ಲಿ ಮಲಗಿ ಬಂದ. ಸಾಯುವ ತನಕ ಆ ಕಾಲನ್ನು ಎಳೆದುಕೊಂಡೇ ನಡೆದ. ಟ್ರೇಲರಿನ ಹಿಂದೆ ಕೆಂಪು ದೀಪ ಇರಲಿಲ್ಲ ಎಂದು ಊರೆಲ್ಲ ಹೇಳಿತು. ಫಟಫಟಿಯ ಮುಂದೆ ಕೆಂಪು ಕೈ ಇರಲಿಲ್ಲ ಎಂದು ಚಿಗವ್ವ ಹೇಳಿದಳು. ಅಂದಿನಿಂದ ಕೈ ಇಲ್ಲದ ಗಾಡಿ ಆ ಅಂಗಳ ದಾಟಿದರೆ, ಅದು ಮುಟ್ಟಿತೆಂಬ ಸುದ್ದಿ ಬರುವ ತನಕ ಅವಳು ಬಾಯಿಗೆ ನೀರು ಹಾಕುವುದಿಲ್ಲ. ಇದು ಮಾತಿನ ಅಲಂಕಾರವಲ್ಲ, ಖರೆ ಹಾಕುವುದಿಲ್ಲ.

ಹೀಗಾಗಿ ನನ್ನ ಕಡುನೀಲಿ ಬಾನೆಟ್ಟಿನ ನಟ್ಟನಡುವೆ ಅವಳು ಕೈಯೊತ್ತಿದಾಗ ನಾನು, ಜಪ್ತಿಗೆ ಬಂದ ಬೇಲೀಫನ ಮುಂದೆ ಮನೆಯ ಯಜಮಾನ ನಿಲ್ಲುವಂತೆ, ಕೈಕಟ್ಟಿ ನಿಂತೆ.

“ಇನ್ನ ಹೋಗು ತಮ್ಮಾ,” ಅಂದಳು. “ಈಗ ಹೋದಾಂವ ತಿರಗಿ ಬರ್ತಿ.”

ಅದು ತಾನಾಗಿ ಉದುರಲೆಂದು ಕಾದೆ. ಬೇಸಿಗೆಯ ಬಿಸಿಲು. ಗೋಕಾಕದ ಬಿಸಿಲಿಗೆ ಬಂಡೆಗಲ್ಲೇ ಬೆವರುತ್ತದೆ, ತಗಡಿನ ಪಾಡೇನು? ಕೆಂಪು ಒಣಗಿ ಸಿಪ್ಪೆಸಿಪ್ಪೆಯಾಗಿ ಹೋಯಿತು. ಅದರ ಕೆಳಗೆ ಬೂದುಬಣ್ಣದ ಇನ್ನೊಂದು ಕೈ ಕಾಣಿಸಿತು. ಐದು ಬೆರಳು, ಹೆಬ್ಬೆರಳ ಬುಡ, ಅಂಗೈಯ ನಡುವಿನ ತಗ್ಗು, ಎಲ್ಲ ಸ್ಪಷ್ಟ. ಸುಣ್ಣ ಬಣ್ಣದ ಮೇಲ್ಪದರವನ್ನು ತಿಂದು ಒಳಗೆ ಇಳಿದಿತ್ತು. ನೀರು, ಸಾಬೂನು, ಸೀಮೆಎಣ್ಣೆ, ಹಲ್ಲುಜ್ಜುವ ಪೇಸ್ಟು, ಎಲ್ಲವೂ ಪ್ರಯೋಗವಾಯಿತು. ಕೈ ಕದಲಲಿಲ್ಲ.

ಅಲ್ಲಿಂದ ನನ್ನ ರಕ್ಷಣಾಕಾರ್ಯ ಆರಂಭವಾಯಿತು. ಗೋಕಾಕದಲ್ಲಿ ಗಾಡಿಗಳಿಗೆ ಕೋಟಿಂಗ್ ಮಾಡುವ ಅಂಗಡಿಗೆ ಹೋದೆ. ಅಲ್ಲಿಯ ತರುಣ ಸಣ್ಣ ಬಾಟಲಿಯೊಂದನ್ನು ತೀರ್ಥದಂತೆ ಎತ್ತಿ ಹಿಡಿದು, ಇದನ್ನು ಹಚ್ಚಿದರೆ ಹಕ್ಕಿಯ ಹಿಕ್ಕೆ, ಮರದ ಅಂಟು, ಆಮ್ಲದ ಮಳೆ ಯಾವುದೂ ತಾಗುವುದಿಲ್ಲ ಎಂದು ವಿವರಿಸಿದ. ಚಿಗವ್ವಂದಿರ ಬಗ್ಗೆ ಕೇಳಿದೆ. ಅದು ಗ್ಯಾರಂಟಿಯಲ್ಲಿ ಬರುವುದಿಲ್ಲ ಎಂದ. ಪಾಲಿಶ್ ಮಾಡಿ ನೋಡಿದ. ಕೈ ಇನ್ನಷ್ಟು ಹೊಳೆಯಿತು. ಕೊನೆಗೆ ಅದರ ಮೇಲೆಯೇ ಕೋಟಿಂಗ್ ಬಳಿದ. ಹೀಗೆ ನನ್ನ ಖರ್ಚಿನಲ್ಲಿ ಮೊಟ್ಟಮೊದಲು ರಕ್ಷಣೆ ಸಿಕ್ಕಿದ್ದು ಆ ಕಲೆಗೆ. ನನ್ನ ಹೆಂಡತಿ ವಿಷಯ ತಿಳಿದು, ಹೆಂಗೂ ಆ ಅಂಗಡಿಗೆ ಹೋಗಾಕತ್ತೀರಿ, ನನ್ನ ಮೊಣಕಾಲಿಗೂ ಒಂದ ಕೋಟಿಂಗ್ ಕೇಳ್ಕೊಂಡ ಬರ್ರಿ ಅಂದಳು.

ನಂತರ ಬಾಗಿಲುಗಳ ಸರದಿ. ಕಾರಿನ ಬಾಗಿಲಿನ ಕೆಳ ಅಂಚಿನಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಕಬ್ಬಿನ ಗಾಡಿಗಳ ಹಿಂದೆ ಓಡಾಡುವ ನಮ್ಮ ರಸ್ತೆಯಲ್ಲಿ ಅವುಗಳ ಮೂಲಕವೇ ದೂಳು ಒಳಗೆ ಬರುತ್ತದೆಂದು ನನ್ನ ಬುದ್ಧಿಗೆ ಹೊಳೆಯಿತು. ಒಂದು ಭಾನುವಾರ ಪೂರ್ತಿ ನೆಲದ ಮೇಲೆ ಅಂಗಾತ ಮಲಗಿ, ಸೋರುವ ಪೈಪಿಗೆ ಮೆತ್ತುವ ಅಂಟನ್ನು ತುಂಬಿ ಅಷ್ಟನ್ನೂ ಮುಚ್ಚಿದೆ. ಎದ್ದು ನಿಂತಾಗ ಹಿಡಕಲ್ ಡ್ಯಾಮಿನ ಸೋರಿಕೆ ನಿಲ್ಲಿಸಿದ ಎಂಜಿನಿಯರನ ತೃಪ್ತಿ ನನ್ನದಾಗಿತ್ತು. ಆ ತೂತುಗಳು ದೂಳು ಬರಲಿಕ್ಕಲ್ಲ, ಕಿಟಕಿಯ ಗಾಜಿನ ಸಂದಿಯಿಂದ ಇಳಿದ ಮಳೆನೀರು ಹೊರಗೆ ಹೋಗಲಿಕ್ಕೆ ಇರುವವು ಎಂದು ತಿಳಿಯುವಷ್ಟರಲ್ಲಿ ಎರಡು ಮಳೆಗಾಲ ಕಳೆದಿದ್ದವು. ಬಾಗಿಲು ತೆಗೆದರೆ ಒಳಗೆ ನೀರಿನ ತತ್ರಾಣಿ ಅಲ್ಲಾಡಿಸಿದಂತೆ ಸಪ್ಪಳ. ಕೆಳಗೆ ಬಣ್ಣದಡಿಯಲ್ಲಿ ಗುಳ್ಳೆಗಳು ಎದ್ದವು. ಒತ್ತಿದರೆ ಹಪ್ಪಳದಂತೆ ಮುರಿದು ಕಂದು ಪುಡಿ ಬೀಳುತ್ತಿತ್ತು.

ಇನ್ನು ಹೊದಿಕೆ. ನಮ್ಮ ಮನೆಗೆ ಶೆಡ್ಡಿಲ್ಲ, ಕಾರು ಓಣಿಯಲ್ಲಿಯೇ ನಿಲ್ಲುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಗಾಳಿ ಈ ಕಡೆ ತಿರುಗಿದರೆ ಸಕ್ಕರೆ ಕಾರ್ಖಾನೆಯ ಚಿಮಣಿಯ ಕರಿ ಬೂದಿ ಎಲ್ಲರ ಬಟ್ಟೆ, ಹಪ್ಪಳ, ಕಾರುಗಳ ಮೇಲೆ ಭೇದವಿಲ್ಲದೆ ಬೀಳುತ್ತದೆ. ಅದಕ್ಕೆಂದು ದಪ್ಪ ಹೊದಿಕೆ ತಂದೆ. ಹೊದಿಕೆಯ ಕೆಳಗೆ ಸಿಕ್ಕ ದೂಳು ಗಾಳಿಗೆ ಅತ್ತಿತ್ತ ಸರಿದು, ಮರಳುಕಾಗದದಂತೆ ಬಣ್ಣವನ್ನು ತೀಡಿತು. ಕೂದಲೆಳೆಯಂಥ ಗೀರುಗಳು ಮೈತುಂಬ ಹರಡಿದವು. ಇಷ್ಟು ದಿನಗಳಲ್ಲಿ ಆ ಕಾರಿಗೆ ಯಾರೂ ಗುದ್ದಲಿಲ್ಲ, ಯಾರೂ ಮೊಳೆಯಿಂದ ಗೀಚಲಿಲ್ಲ. ಎಲ್ಲ ಹಾನಿಯೂ ಅದರ ಒಳ್ಳೆಯದನ್ನು ಬಯಸಿದವರಿಂದಲೇ ಆಯಿತು, ಅವರಲ್ಲಿ ನಾನೇ ಮೊದಲಿಗ.

ಹೆಂಡತಿಯ ತವರು ಮೂಡಲಗಿ. ಅಲ್ಲಿ ಒಬ್ಬ ಹಳೆಯ ಪೇಂಟರ್ ಇದ್ದಾನೆ. ಬಾಗಿಲ ತುಕ್ಕು, ಬಾನೆಟ್ಟಿನ ಕೈ ಎರಡನ್ನೂ ಅವನೆದುರು ಹಾಜರುಪಡಿಸಿದೆ. ತುಕ್ಕನ್ನು ಕೆರೆದು, ತೇಪೆ ಹಾಕಿ, ಅಸ್ತರು ಬಳಿದು ಬಣ್ಣ ಹೊಡೆಯೋಣ ಎಂದ. ಅದು ಮತ್ತೆ ಬರುವುದಿಲ್ಲವೇ ಎಂದರೆ, ಒಳಗಿನಿಂದ ಬಂದದ್ದು ಬರುತ್ತದೆ, ತಡವಾಗಿ ಬರುತ್ತದೆ ಅಷ್ಟೇ ಎಂದ. ಬಾನೆಟ್ಟಿನ ಎದುರು ಬಂದವನೇ ಮಾತು ನಿಲ್ಲಿಸಿ, ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡ.

“ಇದು ಯಾರ ಕೈರೀ ಸಾಹೇಬ್ರ?”

ಹೇಳಿದೆ.

“ಅದಾರೇನ್ರಿ ಅವ್ರು?”

“ಅದಾಳ. ಘೋಡಗೇರ್ಯಾಗ.”

“ಹಂಗಾರ ನಾ ಮುಟ್ಟೂದಿಲ್ರಿ. ಹಿರೇ ಹೆಣ್ಮಗಳು ಹರಸಿ ಒತ್ತಿದ ಕೈ ಮ್ಯಾಲ ಪಾಲಿಶ್ ಪೇಪರ್ ತಿಕ್ಕಾಕ ನಮ್ಮ ಗ್ಯಾರೇಜಿನ್ಯಾಗ ಯಾರೂ ತಯಾರಾಗೂದಿಲ್ಲ. ಒತ್ತಿದವ್ರ ಕೈಲೇ ಒಮ್ಮಿ ಒರಸಿಸಿಕೊಂಡ ಬರ್ರಿ. ಆಮ್ಯಾಗ ಅದು ಬರೇ ಕಲೆ. ಬೇಕಾದ ಬಣ್ಣ ಹೊಡದ ಕೊಡ್ತೇನಿ.”

ದುಪ್ಪಟ್ಟು ಕೂಲಿ ಕೊಡುತ್ತೇನೆಂದೆ. ಅವನು ನನ್ನನ್ನು ನೋಡಿದ ರೀತಿಗೆ ಆ ಮಾತನ್ನು ದಾಖಲೆಯಿಂದ ತೆಗೆದುಹಾಕಬೇಕೆನಿಸಿತು. ಬಾಗಿಲುಗಳನ್ನಷ್ಟೇ ಮಾಡಿಸಿಕೊಂಡು, ಒರೆಸುವ ಬಟ್ಟೆಯನ್ನು ಸೀಟಿನ ಮೇಲಿಟ್ಟುಕೊಂಡು, ಘೋಡಗೇರಿಗೆ ಹೋದೆ.

ನಡುವೆ ಆ ಊರಿಗೆ ನನ್ನ ಕಾರಿನಲ್ಲಿ ಬಹಳ ದಿನ ಹೋಗಿರಲಿಲ್ಲ. ಹೋದಾಗಲೆಲ್ಲ ಬೇರೆಯವರ ಜೊತೆ ಮದುವೆ, ದಿನಕರ್ಮ ಎಂದು ಹೋಗಿದ್ದೆ. ಚಿಗವ್ವ ಕಟ್ಟೆಯ ಮೇಲೆ ಕೂತಿದ್ದಳು. ಕಾರನ್ನು ಕಂಡವಳೇ ಎದ್ದು ಅಂಗಳಕ್ಕೆ ಬಂದಳು. ಕಣ್ಣಿಗೆ ಅಡ್ಡ ಕೈ ಹಿಡಿದು ಅದನ್ನು ಮೇಲಿಂದ ಕೆಳಗೆ ನೋಡಿದಳು. ಮುಖ ಅರಳಿತು.

“ಯಾವಾಗ ತಂದ್ಯೋ ತಮ್ಮಾ ಹೊಸಾ ಗಾಡಿ? ಒಂದ ಮಾತ ಹೇಳ್ಲಿಲ್ಲಲ್ಲ.”

ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ. ಒಳಗೆ ಹೋಗಿ ಸುಣ್ಣ, ಅರಿಷಿಣ, ತಾಟು ತಂದಳು. ಅವಳ ಸೊಸೆ ಹಿಂದೆಯೇ ಬಂದು ಮೆಲ್ಲಗೆ ಹೇಳಿದಳು: ಭಾವಾರ, ಈಗೀಗ ನಮ್ಮ ಅತ್ತಿಯವ್ರಿಗೆ ನೆನಪು ಉಳಿಯೂದಿಲ್ರಿ, ಮುಂಜಾನೆ ಉಂಡದ್ದು ಮಧ್ಯಾಹ್ನ ಗೊತ್ತಿರೂದಿಲ್ಲ. ಆಮೇಲೆ ಅತ್ತೆಯ ಕಡೆ ತಿರುಗಿ, ನಿಮ್ಮ ಕೈ ಮೊದಲೇ ಐತಲ್ಲ ಅಲ್ಲೆ, ನೋಡ್ರಿ ಎಂದು ಬಾನೆಟ್ಟಿನ ಬೂದು ಗುರುತನ್ನು ತೋರಿಸಿದಳು. ಚಿಗವ್ವ ಬಾಗಿ, ಅದರ ಪಕ್ಕದಲ್ಲಿ ತನ್ನ ಅಂಗೈ ಹಿಡಿದು ನೋಡಿದಳು.

“ಇದು ಯಾರದೋ ದೊಡ್ಡ ಕೈ ಐತಿ. ನಂದಲ್ಲ.”

ಅವಳು ಹೇಳಿದ್ದು ಸುಳ್ಳೂ ಆಗಿರಲಿಲ್ಲ. ನಡುವಿನ ವರ್ಷಗಳಲ್ಲಿ ಅವಳು ಮೈಕೈ ಇಳಿದು ಹೋಗಿದ್ದಳು. ಬಾನೆಟ್ಟಿನ ಮೇಲಿನ ಕೈ ಮಾತ್ರ ಕೋಟಿಂಗಿನ ಕೃಪೆಯಿಂದ ತುಂಬಿಕೊಂಡೇ ಇತ್ತು. ನಾನು ಒರೆಸಲೆಂದು ತಂದ ಬಟ್ಟೆಯನ್ನು ಹಿಡಿದು ನಿಂತಿರುವಾಗಲೇ ಅದರ ಪಕ್ಕದಲ್ಲಿ ಎರಡನೆಯ ಕೈ, ಕೆಂಪಗೆ, ಹಸಿಯಾಗಿ, ಮೂಡಿತು. ನಾನು ಬಟ್ಟೆಯಿಂದ ಕನ್ನಡಕ ಒರೆಸಿಕೊಂಡೆ. ಏನಾದರೂ ಒರೆಸಬೇಕಿತ್ತಲ್ಲ.

ಅಲ್ಲಿಂದ ಮುಂದೆ ನನ್ನ ಕಾರಿಗೆ ಹಳೆಯದಾಗುವ ಯೋಗವೇ ಬರಲಿಲ್ಲ. ಪ್ರತಿ ಸಲ ಹೋದಾಗಲೂ ಅದು ಹೊಸ ಗಾಡಿ, ಪ್ರತಿ ಸಲವೂ ನಾನು ಮೊದಲೇ ಹೇಳದ ತಪ್ಪಿತಸ್ಥ, ಪ್ರತಿ ಸಲವೂ ತಾಟು. ಅಂಗಳ ದಾಟಿದೊಡನೆ ತೊಳೆದುಬಿಡುವುದು ಬುದ್ಧಿವಂತಿಕೆ ಎಂದು ಗೊತ್ತಿತ್ತು. ನೀರಿನ ಬಾಟಲಿಯನ್ನೂ ಒಯ್ದಿದ್ದೆ. ಒಮ್ಮೆ ಊರ ಹೊರಗೆ ಗಾಡಿ ನಿಲ್ಲಿಸಿ ಮುಚ್ಚಳ ತೆಗೆದೆ. ರಸ್ತೆಯಲ್ಲಿ ಕಬ್ಬಿನ ಟ್ರೇಲರುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ನಾನು ಆ ನೀರನ್ನು ಕುಡಿದು ಗಾಡಿ ಹತ್ತಿದೆ.

ಇನ್ನೊಮ್ಮೆ ಕಾರನ್ನು ಬಸ್ ನಿಲ್ದಾಣದ ಹತ್ತಿರ ಬಿಟ್ಟು, ನಡೆದು ಮನೆಗೆ ಹೋಗಿ, ಬಸ್ಸಿನಲ್ಲಿ ಬಂದೆ ಎಂದೆ. ಚಿಗವ್ವ ಬಹಳ ಸಂತೋಷಪಟ್ಟಳು. ಹೊರಡುವಾಗ ಬಸ್ಸು ಹತ್ತಿಸಿಯೇ ಬರುತ್ತೇನೆಂದು ಜೊತೆಗೆ ಬಂದಳು, ಬೇಡವೆಂದರೆ ಕೇಳಲಿಲ್ಲ. ಅವಳೆದುರು ನಾನು ನನ್ನ ಸ್ವಂತ ಕಾರಿನ ಪಕ್ಕದಲ್ಲಿ, ಅಪರಿಚಿತನಂತೆ, ಗೋಕಾಕದ ಬಸ್ಸಿಗೆ ಕಾದೆ. ಬಸ್ಸು ಬಂತು. ಹತ್ತಿದೆ. ಮುಂದಿನ ಸ್ಟಾಪಿನಲ್ಲಿ ಇಳಿದು ಬಿಸಿಲಲ್ಲಿ ನಡೆದು ಬರುವಷ್ಟರಲ್ಲಿ, ಯಾರದೋ ಹೊಸ ಗಾಡಿ ತನ್ನ ಕೈಯಿಲ್ಲದೆ ನಿಂತಿದೆಯೆಂದು ಅವಳು ಮರುಗಿ, ಮನೆಯಿಂದ ತಾಟು ತರಿಸಿ, ತನ್ನ ಕೆಲಸ ಮುಗಿಸಿ ಹೋಗಿದ್ದಳು.

ಆ ಮೇಲೆ ನಾನು ಉಪಾಯ ಹುಡುಕುವುದನ್ನು ಬಿಟ್ಟೆ. ಬಾನೆಟ್ಟಿನ ಮೇಲೆ ಜಾಗ ಸಾಲದೆ ಕೈಗಳು ಒಂದರ ಮೇಲೊಂದು ಬಿದ್ದವು. ದೂರದಿಂದ ನೋಡಿದರೆ ಗಾಡಿಯನ್ನು ಗುಂಪೊಂದು ಹಿಂದಕ್ಕೆ ದಬ್ಬಿದಂತೆ ಕಾಣುತ್ತಿತ್ತು. ಪೆಟ್ರೋಲ್ ಬಂಕಿನವರು ಇದು ಯಾವ ದೇವರ ಗಾಡಿ ಎಂದು ಕೇಳುತ್ತಿದ್ದರು. ಮೂಡಲಗಿಯ ತೇಪೆಯ ಅಂಚಿನಲ್ಲಿ ತುಕ್ಕು, ಪೇಂಟರ್ ಹೇಳಿದಂತೆ, ತಡವಾಗಿ ಆದರೂ ಮಾತಿಗೆ ತಪ್ಪದೆ ಬಂತು.

ಕಳೆದ ಹಂಗಾಮಿನ ಕೊನೆಗೆ ಹೋದಾಗ ಚಿಗವ್ವ ಕಟ್ಟೆಯ ಮೇಲೆ ಇರಲಿಲ್ಲ. ಪಡಸಾಲೆಯಲ್ಲಿ ಮಲಗಿದ್ದಳು. ಸೊಸೆ ನನ್ನನ್ನು ಅಡಿಗೆಮನೆಯ ಬಾಗಿಲಿಗೆ ಕರೆದು, ಸುಣ್ಣದ ಡಬ್ಬಿಯನ್ನು ಅಟ್ಟದ ಮೇಲೆ ಮುಚ್ಚಿಟ್ಟಿರುವುದಾಗಿ ಹೇಳಿದಳು. ಅತ್ತೆಯ ಅಂಗೈ ಸುಣ್ಣಕ್ಕೆ ಸುಟ್ಟು, ಸೀಳಿ, ಕೀವಾಗಿತ್ತು. ಆ ಚರ್ಮಕ್ಕೆ ಇನ್ನು ಸುಣ್ಣ ಕೂಡದು ಎಂದು ಹುಕ್ಕೇರಿಯ ಡಾಕ್ಟರು ಹೇಳಿದ್ದರು. ನಾನು ಹೋಗಿ ಚಿಗವ್ವನ ಕೈ ನೋಡಿದೆ. ಕೋಟಿಂಗ್ ಅಂಗಡಿಯವನು ಬಣ್ಣದ ಮೇಲ್ಪದರದ ಬಗ್ಗೆ ಏನೇನೋ ಹೇಳಿದ್ದನಲ್ಲ, ಅದಕ್ಕಿಂತ ತೆಳ್ಳಗಿತ್ತು.

ಊಟವಾಯಿತು. ಹೊರಟೆ. ಎಂಜಿನ್ ಶುರುವಾದ ಸಪ್ಪಳಕ್ಕೆ ಅವಳು ಮಗನ ಭುಜ ಹಿಡಿದು ಅಂಗಳಕ್ಕೆ ಬಂದಳು.

“ಹೊಸಾದೇನ?”

ಬಾಗಿಲ ಕೆಳಗೆ ತುಕ್ಕು ತಿಂದು ಬೆರಳು ತೂರುವಷ್ಟು ಕಿಂಡಿಯಾಗಿತ್ತು. “ಹೂಂ, ಹೊಸಾದು,” ಎಂದೆ.

ಅವಳು ಸೊಸೆಗೆ ತಾಟು ತಾ ಎಂದಳು. ಸೊಸೆ ಸುಣ್ಣ ತೀರಿದೆ ಎಂದಳು. ಅದೊಂದು ಮಾತನ್ನು ಆ ಮನೆಯಲ್ಲಿ ಆಡಬಾರದಿತ್ತು. ಚಿಗವ್ವನ ಮುಖ ಸುಕ್ಕುಗಟ್ಟಿತು. ಬಂದು ಕಾರಿನ ಬಾಗಿಲ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

“ಇರು. ನಾ ಬಾಜೂ ಮನಿಯಿಂದ ತರ್ತೇನಿ. ತರೂಮಟಾ ಹೋಗಬ್ಯಾಡ. ಬಂದ ಮ್ಯಾಲ ಹಚ್ಚಿಯಂತ ಅನ್ನಬ್ಯಾಡ.”

ಮಗ ಸಮಾಧಾನ ಹೇಳಿದ. ಸೊಸೆ ಕುಂಕುಮದ ನೀರು ತಂದಳು; ಚಿಗವ್ವ ಮೂಸಿ ನೋಡಿ ಇದು ಸುಣ್ಣವಲ್ಲ ಎಂದು ದೂರ ಸರಿಸಿದಳು. ನೆನಪೆಲ್ಲ ಹೋಗಿತ್ತು, ಆ ಒಂದು ಸಂಜೆ ಮಾತ್ರ ಹೋಗಿರಲಿಲ್ಲ. ಅದಕ್ಕೆ ಯಾರು ಯಾವ ಕೋಟಿಂಗ್ ಹಚ್ಚಿದ್ದರೋ. ನಾನು ಇಳಿದು, ಅವಳನ್ನು ಹಿಡಿದುಕೊಂಡು ಗಾಡಿಯ ಮುಂದೆ ಕರೆತಂದೆ. ಬರೇ ಕೈ ಇಟ್ಟರೂ ನಡೆಯುತ್ತದೆ ಎಂದೆ. ನನಗೆ ಅಂಥ ಅಧಿಕಾರವೇನೂ ಇರಲಿಲ್ಲ. ಅವಳು ಬಾನೆಟ್ಟಿನ ಮೇಲೆ ಒಣ ಅಂಗೈ ಇಟ್ಟು, ಇದ್ದಷ್ಟು ಶಕ್ತಿಯಿಂದ ಒತ್ತಿದಳು. ಹಂಗಾಮಿನ ದೂಳು, ಬೂದಿ ದಪ್ಪಗೆ ಕೂತಿತ್ತು. ಕೈ ತೆಗೆದಾಗ ಅದರಲ್ಲಿ ಒಂದು ಸಣ್ಣ ಕೈ ಉಳಿಯಿತು. ಉಳಿದವುಗಳ ನಡುವೆ ಅದು ಮಗುವಿನದರಂತೆ ಕಾಣುತ್ತಿತ್ತು.

“ಹೋಗು ತಮ್ಮಾ,” ಅಂದಳು. ತಿರಗಿ ಬರ್ತಿ ಎಂಬುದನ್ನು ಹೇಳಲಿಲ್ಲ. ಈ ಕೈ ಸಾಕಾಗುತ್ತದೆಂಬ ನಂಬಿಕೆ ಅವಳಿಗಿರಲಿಲ್ಲ.

ಅಂದು ನಾನು ಕಾರು ನಡೆಸಿದ್ದನ್ನು ನೋಡಿದವರು ಒಳಗೆ ತುಂಬಿದ ಬಸುರಿಯಿದ್ದಾಳೆಂದು ತಿಳಿದಿರಬೇಕು. ಎತ್ತಿನ ಬಂಡಿಗಳು ನನ್ನನ್ನು ದಾಟಿ ಹೋದವು. ಟ್ರೇಲರು ಮುಂದೆ ಬಂದರೆ ಬದಿಗೆ ನಿಂತು ಅದರ ಗಾಳಿ ಹೋಗುವ ತನಕ ಕಾದೆ. ಗಾಜಿನಾಚೆ ಆ ಕೈಯ ಮೇಲೆ ಕಣ್ಣಿಟ್ಟೇ ಗೋಕಾಕ ಮುಟ್ಟಿದೆ. ಒಂದು ಬೆರಳ ತುದಿ ಮಾಸಿತ್ತು, ಉಳಿದದ್ದು ಇತ್ತು.

ಓಣಿಗೆ ಬರುವಷ್ಟರಲ್ಲಿ ಪಡುವಣದಲ್ಲಿ ಮೋಡ ಕಟ್ಟಿತ್ತು. ಅಕಾಲದ ಮಳೆ ಬರುವ ಎಲ್ಲ ಲಕ್ಷಣ. ಮಳೆಗೆ ಬಿಟ್ಟರೆ ಕೈ ಹೋಗುತ್ತದೆ. ಹೊದಿಕೆ ಹಾಕಿದರೆ ಅದು ಏನು ಮಾಡುತ್ತದೆಂಬುದು ನನಗೆ ಗೊತ್ತಿತ್ತು, ಕಾರಿನ ಮೈಮೇಲೆಲ್ಲ ಅದರ ಸಾಕ್ಷಿ ಇತ್ತು. ಆ ಓಣಿಯಲ್ಲಿ ನಿಂತು ನಾನು ಎರಡೂ ಪಕ್ಷಗಳ ವಾದ ಕೇಳಿದೆ. ಬಣ್ಣಕ್ಕೆ ಕೋಟಿಂಗ್ ಇದೆ, ತಗಡಿಗೆ ಅಸ್ತರು ಇದೆ. ದೂಳಿನ ಮೇಲಿನ ಕೈ ಉಳಿಸಿಕೊಳ್ಳಲು ಏನು ಹಚ್ಚಬೇಕೆಂದು ಯಾವ ಅಂಗಡಿಯಲ್ಲಿ ಕೇಳುವುದು? ಕೈಯ ಸುತ್ತ ನಾಲ್ಕು ಇಟ್ಟಂಗಿ ಇಟ್ಟು, ಅವುಗಳ ಮೇಲೆ ಹೊದಿಕೆ ಎತ್ತಿ ನಿಲ್ಲುವಂತೆ ಹರವಿದೆ. ಬಣ್ಣದ ಮೇಲೆ ಇಟ್ಟಂಗಿ ಇಡುವ ಮನುಷ್ಯ ನಾನಾಗುತ್ತೇನೆಂದು ಹಿಂದೆ ಯಾರಾದರೂ ಹೇಳಿದ್ದರೆ ಮಾನನಷ್ಟದ ದಾವೆ ಹೂಡುತ್ತಿದ್ದೆ.

ಮಳೆ ಬರಲಿಲ್ಲ. ಗಾಳಿ ಮಾತ್ರ ಬಂತು.

ಬೆಳಿಗ್ಗೆ ಹೊದಿಕೆ ತೆಗೆದೆ. ಇಟ್ಟಂಗಿಗಳು ಜಾರಿ ಬಂಪರಿನ ಮುಂದೆ ಬಿದ್ದಿದ್ದವು, ಹೊಸ ಗೀರುಗಳನ್ನು ಉಳಿಸಿ. ಬಟ್ಟೆ ಇಡೀ ರಾತ್ರಿ ಬಡಿದು ಬಾನೆಟ್ಟನ್ನು ಲಕಲಕ ಒರೆಸಿಬಿಟ್ಟಿತ್ತು. ದೂಳಿನ ಕೈ ಇರಲಿಲ್ಲ. ಬಾಜೂ ಮನೆಯವರು ಹಲ್ಲುಜ್ಜುತ್ತ ಬಂದು, ಇವತ್ತ ಗಾಡಿ ಭಾಳ ಸ್ವಚ್ಛ ಆಗೇತಿ ನೋಡ್ರಿ ಎಂದು ಮೆಚ್ಚಿ ಹೋದರು.

ಫೋನ್ ಬಂತು. ಚಿಗವ್ವನ ಮಗ ಮಾಡಿದ್ದ. ಮುಟ್ಟಿದ ಸುದ್ದಿಯನ್ನು ನಾನು ನಿನ್ನೆಯೇ ಹೇಳಿದ್ದೆ. ಅದನ್ನು ಅವ್ವ ಮರೆತಳು, ಬೆಳಗಿನಿಂದ ಚಹಾ ಮುಟ್ಟಿಲ್ಲ, ನೀನೇ ಹೇಳು ಅಣ್ಣಾ ಎಂದು ಅವಳ ಕೈಗೆ ಕೊಟ್ಟ.

“ಮುಟ್ಟಿದೇನ ತಮ್ಮಾ?”

“ಮುಟ್ಟೇನಿ ಚಿಗವ್ವಾ.”

“ಕೈ ಐತೇನ ಗಾಡಿ ಮ್ಯಾಲ?”

ನೋಡಿದೆ. ದೂಳು ಹೋದದ್ದರಿಂದ ಹಳೆಯ ಕೈಗಳು ಎಂದಿಗಿಂತ ಚೊಕ್ಕವಾಗಿ ಕಾಣುತ್ತಿದ್ದವು. ನಡುವೆ ಆ ಮೊದಲನೆಯದು, ತುಂಬುಗೈ, ಅವಳು ತನ್ನದಲ್ಲ ಎಂದದ್ದು.

“ಐತಿ,” ಎಂದೆ. ಯಾವುದು ಎಂದು ಅವಳು ಕೇಳಲಿಲ್ಲ.

“ಐತೆಲ್ಲ, ಸಾಕು ಬಿಡು.” ಆ ಕಡೆ ಬಸಿಯಲ್ಲಿ ಚಹಾ ಸುರಿದ ಸಪ್ಪಳ ಕೇಳಿಸಿತು. “ಹೊಸಾ ಗಾಡಿ ಐತಿ, ಜ್ವಾಕಿಲೆ ಇಟ್ಕೋ.”

ಹೂಂ ಎಂದು ಫೋನ್ ಇಟ್ಟು, ಹೊದಿಕೆಯನ್ನು ಕೊಡವಿ, ಮಡಚತೊಡಗಿದೆ.